ರಿಸರ್ವ್ ಇಲ್ಲದ ಗಾಡಿ

ಸೇತುವೆಯ ನಟ್ಟನಡುವೆ ನಿಂತುಬಿಟ್ಟ ಆಟೊವನ್ನು ಡ್ರೈವರ್ ಎರಡೂ ಕೈಯಲ್ಲಿ ಹಿಡಿದು ಬಲಕ್ಕೊಮ್ಮೆ ಎಡಕ್ಕೊಮ್ಮೆ ಕುಲುಕಿದ. ಪೆಟ್ರೋಲ್ ಗಾಡಿಯಲ್ಲೇ ತಲೆ ನರೆಸಿಕೊಂಡವನು; ಟ್ಯಾಂಕಿನ ಮೂಲೆಯಲ್ಲಿ ಉಳಿದ ಗುಟುಕನ್ನು ಹೀಗೆ ಅಲ್ಲಾಡಿಸಿಯೇ ಎಷ್ಟೋ ಸಲ ಮನೆ ಮುಟ್ಟಿದ್ದ. ಒಳಗೆ ಕೂತಿದ್ದ ಹೆಂಡತಿ ಕಂಬಿ ಹಿಡಿದುಕೊಂಡಳು.

"ಏನ್ರೀ ಮಾಡ್ತಿದೀರಾ? ಇದ್ರಲ್ಲಿ ಅಲ್ಲಾಡ್ಸೋಕೆ ಏನಿದೆ?"

ಅವನ ಕೈ ನಿಂತಿತು. ಇದು ಕರೆಂಟಿನ ಗಾಡಿ.

ಹಳೇ ಪೇಟೆಯೊಳಗೆ ಹೊಗೆ ಬಿಡುವ ಗಾಡಿ ಬರಕೂಡದೆಂದು ಪಾಲಿಕೆಯವರು ಗೆರೆ ಎಳೆದಿದ್ದರು. ಹಳೆಯ ಆಟೊ ಗುಜರಿಗೆ ಕೊಟ್ಟವರಿಗೆ ಹೊಸದು ಅರ್ಧ ಬೆಲೆಗೆ. ಆಸ್ಪತ್ರೆ ಇದ್ದದ್ದು ಆ ಗೆರೆಯ ಒಳಗೆ. ಹೆಂಡತಿಯನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಒಯ್ಯಬೇಕಾದವನಿಗೆ ಯೋಚಿಸಲು ಏನಿತ್ತು? ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಮೊದಲು ಕೊಟ್ಟವನು ಅವನೇ. "ಬಂತಪ್ಪಾ ಟಾರ್ಚ್ ಗಾಡಿ!" ಎಂದು, ಸ್ಟ್ಯಾಂಡಿನವರೆಲ್ಲ ಮೋಟುಬೀಡಿ ಅಂತ ಕರೆಯುವ ಗೆಳೆಯ ಆಡಿಕೊಂಡ. ಆಡಿಕೊಳ್ಳಲಿ, ಅವಳ ಮೈಗೆ ಎಂಜಿನ್ನಿನ ನಡುಕ ತಪ್ಪಿತಲ್ಲ ಅಂದುಕೊಂಡ ಇವನು.

ಪಾಲಿಕೆ ಎಲ್ಲವನ್ನೂ ಯೋಚಿಸಿತ್ತು, ಚಾರ್ಜಿಂಗ್ ಕಂಬದ ಮುಂದೆ ಯಾರು ಬಂದು ನಿಲ್ಲುತ್ತಾರೆ ಅನ್ನುವುದೊಂದನ್ನು ಬಿಟ್ಟು. ನಿನ್ನೆ ರಾತ್ರಿ ಮನೆಯಲ್ಲಿ ಕರೆಂಟ್ ಇಲ್ಲದೆ ಗಾಡಿ ಚಾರ್ಜ್ ಆಗಿರಲಿಲ್ಲ. ಬೆಳಿಗ್ಗೆ ದಾರಿಯಲ್ಲಿ ನೋಡಿದರೆ ಕಂಬಗಳ ಮುಂದೆ ಪೆಟ್ರೋಲ್ ಕಾರುಗಳು ನೆರಳಿಗೆಂದು ಆರಾಮಾಗಿ ನಿಂತಿದ್ದವು. ಅವುಗಳ ಧಣಿಗಳನ್ನು ಹುಡುಕುತ್ತ ಕೂತರೆ ಆಸ್ಪತ್ರೆಯವರು ಮೆಷಿನ್ನಿಗೆ ಮುಂದಿನವರನ್ನು ಹಾಕಿಬಿಡುತ್ತಾರೆ. ಹೋದ ಸಲ ಮೆಷಿನ್ ಕೆಟ್ಟಿದೆಯೆಂದು ಹಾಗೆಯೇ ವಾಪಸ್ ಕಳಿಸಿದ್ದರು. ಆಮೇಲೆ ಅವಳಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಇವತ್ತೂ ತಪ್ಪಿದರೆ ಏನು ಎಂಬುದು ಇಬ್ಬರಿಗೂ ಗೊತ್ತಿತ್ತು.

ಗಾಡಿಯ ಪರದೆಯ ಮೇಲೆ ಸೊನ್ನೆ ಬಂದಾಗಲೂ ಅವನು ನಿಲ್ಲಿಸಲಿಲ್ಲ. ಸೊನ್ನೆಯ ಕೆಳಗೂ ಕಷ್ಟಕಾಲಕ್ಕೆಂದು ಒಂದಿಷ್ಟು ರಿಸರ್ವ್ ಇದ್ದೇ ಇರಬೇಕು. ಅವನು ಓಡಿಸಿದ ಎಲ್ಲ ಗಾಡಿಗಳಲ್ಲೂ ಇತ್ತು. "ಇನ್ನೂ ಓಡುತ್ತೆ, ಸುಮ್ನಿರೇ," ಎಂದು ಅವಳ ಬಾಯಿ ಮುಚ್ಚಿಸಿದ್ದ. ಈಗ ತನ್ನ ಬಾಯಿಗೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಗೆರೆ ದಾಟಿ ಆಸ್ಪತ್ರೆ ತನಕ ಹೋಗಬಲ್ಲ ಕರೆಂಟಿನ ಆಟೊಗಳು ಊರಲ್ಲಿ ಬೆರಳೆಣಿಕೆಯಷ್ಟು. ದಾಟಿಹೋದ ಒಂದೆರಡೂ ತುಂಬಿದ್ದವು. ಕೊನೆಗೆ ಹೊಗೆ ಕಾರುತ್ತ ಬಂದವನು ಮೋಟುಬೀಡಿ. ಆಡಿಕೊಳ್ಳುತ್ತಾನೇನೋ ಅಂದುಕೊಂಡರೆ, ಅತ್ತಿಗೆಯ ಮುಖ ನೋಡಿದವನೇ ಬೀಡಿ ಎಸೆದ.

"ಹತ್ತೋ, ಹ್ಯಾಂಡಲ್ ಹಿಡಿ. ಅತ್ತಿಗೇ, ಗಟ್ಟಿಯಾಗಿ ಹಿಡ್ಕೊಳ್ಳಿ."

ತನ್ನ ಆಟೊ ಓಡಿಸುತ್ತಲೇ ಒಂದು ಕಾಲು ಚಾಚಿ, ಮುಂದಿನ ಗಾಡಿಯ ಬೆನ್ನಿಗೆ ಒತ್ತಿ ತಳ್ಳತೊಡಗಿದ. ಕೆಟ್ಟ ಗಾಡಿಯನ್ನು ಆಟೊದವರು ಮೊದಲಿಂದಲೂ ಮನೆ ಸೇರಿಸುವುದು ಹೀಗೆಯೇ.

ಹಳೇ ಪೇಟೆಯ ಗೆರೆಯ ಹತ್ತಿರ ಕಾವಲಿನವನು ಕೈ ಅಡ್ಡ ಹಿಡಿದ. "ಪೆಟ್ರೋಲ್ ಗಾಡಿ ಒಳಗ್ ಬಿಡಲ್ಲ."

"ನಾನೆಲ್ಲಿ ಬರ್ತಿದೀನಿ ಮಾರಾಯ? ನನ್ ಕಾಲು ಬರ್ತಿದೆ."

"ಮೇಲೆ ಕ್ಯಾಮೆರಾ ಇದೆ ಅಣ್ಣಾ. ನನ್ನ್ ಹೊಟ್ಟೆ ಮೇಲೆ ಹೊಡೀಬೇಡ."

ಮೋಟುಬೀಡಿ ತನ್ನ ಆಟೊವನ್ನು ರಸ್ತೆಯಲ್ಲೇ ಬಿಟ್ಟು ಇಳಿದುಬಂದ.

"ನಿನ್ ಗಾಡಿ ಎತ್ಕೊಂಡ್ ಹೋಗ್ತಾರೆ ಕಣೋ!" ಅಂದ ಡ್ರೈವರ್.

"ಹೋಗ್ಲಿ. ನೀನು ತಳ್ಳು."

ಡ್ರೈವರ್ ಪಕ್ಕದಿಂದ ಹ್ಯಾಂಡಲ್ ಹಿಡಿದು ತಳ್ಳಿದ, ಗೆಳೆಯ ಹಿಂದಿನಿಂದ ಹೆಗಲು ಕೊಟ್ಟ. ಏರು ದಾರಿ. ಆಸ್ಪತ್ರೆಯ ಕಟ್ಟಡ ಕಾಣಿಸುವಷ್ಟರಲ್ಲಿ ಹೆಂಡತಿಯ ಫೋನ್ ಬಡಿದುಕೊಂಡಿತು; ಆಸ್ಪತ್ರೆಯವರದು. ಅವಳು ಕಿವಿಗಿಟ್ಟು ಕೇಳಿದಳು. "ಹೂಂ," ಅಂದಳು. ಇನ್ನೊಂದು ಸಲ "ಹೂಂ" ಅಂದು ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ಏನಂದ್ರು ಅತ್ತಿಗೇ?" ಹಿಂದಿನಿಂದ ಮೋಟುಬೀಡಿ ಏದುಸಿರು ಬಿಡುತ್ತ ಕೂಗಿದ.

"ನಿಧಾನವಾಗಿ ಬನ್ನಿ ಅಂದ್ರು."

ಇಷ್ಟು ದಿನದಲ್ಲಿ ಆ ಆಸ್ಪತ್ರೆಯವರು ಯಾರಿಗೂ ನಿಧಾನವಾಗಿ ಬನ್ನಿ ಎಂದದ್ದನ್ನು ಡ್ರೈವರ್ ಕೇಳಿರಲಿಲ್ಲ; ಮೆಷಿನ್ನಿಗೆ ಮುಂದಿನವರನ್ನು ಹಾಕಿಬಿಟ್ಟಿರಬೇಕು. ಅವನು ಅವಳ ಕಡೆ ತಿರುಗಲಿಲ್ಲ. ಜಾರುತ್ತಿದ್ದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹ್ಯಾಂಡಲ್ ಹಿಡಿದ. ಗಾಡಿ ಮೆಲ್ಲಗೆ ಏರು ಹತ್ತುತ್ತಿತ್ತು.