ಪರದೆಯ ನಡುವಿನ ನಾಲ್ಕು ಚಿತ್ರ

"ಅಂಗೈ ಅಲ್ಲರಿ ಅಪ್ಪಾ, ಬಟ್ಟಲೆ ಒತ್ತರಿ. ಒಂದ ಬಟ್ಟ."

ಓಂಪ್ರಕಾಶ ತಂದೆಯ ಎಡಗೈಯ ತೋರುಬೆರಳನ್ನು ಹಿಡಿದು ಟ್ಯಾಬ್ಲೆಟ್ಟಿನ ಮೇಲೆ ಇಟ್ಟ. ಬಿಟ್ಟ ಕೂಡಲೇ ಮಹಾಲಿಂಗಪ್ಪನವರು ಮತ್ತೆ ಅಂಗೈಯನ್ನು ಅಂಗಾತ ಮಾಡಿ, ಇಡೀ ಕೈಯನ್ನೇ ಪರದೆಯ ಮೇಲೆ ಚಾಚಿದರು. ಹಿಂಗೈ ತಾಗಿ ಒಳಗಿನ ಹೆಣ್ಣುದನಿ ಮರಾಠಿಯಲ್ಲಿ "ಸಂಡಾಸಲಾ ಜಾಯಚಂಯ", ಸಂಡಾಸಕ್ಕೆ ಹೋಗಬೇಕು, ಎಂದಿತು. ಬೆಳಗಿನಿಂದ ಇದು ಐದನೆಯ ಸಲ. ನಾಲ್ಕು ಸಲ ಬೆಡ್‌ಪ್ಯಾನ್ ತಂದು ಖಾಲಿ ಒಯ್ದಿದ್ದ ಆಯಾ, ಐದನೆಯದಕ್ಕೆ ತಿರುಗಿಯೂ ನೋಡಲಿಲ್ಲ.

ಮಿರಜದ ಈ ಆಸ್ಪತ್ರೆಗೆ ಬಂದು ಇಂದಿಗೆ ನಾಲ್ಕು ದಿನ, ಅಷ್ಟೂ ಸಲಾಯಿನ್ ಮೇಲೆಯೇ. ಸಾಂಗಲಿಯ ಪೇಟೆಯಲ್ಲಿ ಐವತ್ತು ವರ್ಷ ಅರಿಷಿಣದ ಹರಾಜಿನ ಸವಾಲು ಕೂಗಿದ ಬಾಯಿ, ಒಂದು ಮುಂಜಾನೆ ಚಪ್ಪಲಿ ಮೆಟ್ಟುವಷ್ಟರಲ್ಲಿ ನಿಂತುಹೋಗಿತ್ತು. ಬಲಗೈ, ಬಲಗಾಲು ಎರಡೂ ಬಿದ್ದಿದ್ದವು. ಅಂದದ್ದೆಲ್ಲ ತಿಳಿಯುತ್ತಿತ್ತು, ತಮ್ಮದನ್ನು ಹೇಳಲು ಮಾತ್ರ ಆಗುತ್ತಿರಲಿಲ್ಲ. ಗಂಟಲಿಗೆ ಏನೂ ಆಗಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೂ ಚಮಚ ಹತ್ತಿರ ಬಂದರೆ ಸಾಕು, ಮುದುಕರು ತುಟಿ ಬಿಗಿದು ಮುಖ ತಿರುಗಿಸುತ್ತಿದ್ದರು. ಸಂಜೆ ಐದರೊಳಗೆ ಏನೂ ತಿನ್ನದಿದ್ದರೆ ಮೂಗಿನಿಂದ ನಳಿಕೆ ಇಳಿಸುವುದು, ಅದನ್ನು ಕಿತ್ತುಕೊಳ್ಳದಂತೆ ನೆಟ್ಟಗಿರುವ ಒಂದು ಕೈಯನ್ನೂ ಮಂಚಕ್ಕೆ ಕಟ್ಟುವುದು ಎಂದು ತೀರ್ಮಾನವಾಗಿತ್ತು. ಅದನ್ನು ಕೇಳಿದಾಗಿನಿಂದ ಓಂಪ್ರಕಾಶನ ಜೀವ ಬಾಯಿಗೆ ಬಂದಿತ್ತು.

ಮಾತು ನಿಂತವರಿಗೆಂದೇ ಮಾಡಿದ ಈ ಆ್ಯಪನ್ನು ಹುಡುಕಿದವಳು ಅವನ ಹೆಂಡತಿ ಪ್ರಣಿತಾ. ಚಿತ್ರ ಒತ್ತಿದರೆ ಅದು ಮಾತಾಡುತ್ತದೆ. ಫೋನಿನಲ್ಲಿ ಚಿತ್ರಗಳು ಅಪ್ಪನ ಕಣ್ಣಿಗೆ ಹತ್ತಲಿಲ್ಲವೆಂದು ಓಂಪ್ರಕಾಶ ಹತ್ತು ಇಂಚಿನ ಟ್ಯಾಬ್ಲೆಟ್ಟನ್ನೇ ತಂದ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಅಷ್ಟು ದೊಡ್ಡ ಪರದೆಯ ನಟ್ಟನಡುವೆ ಫೋನಿನಷ್ಟೇ ಅಗಲದ ಒಂದು ಪಟ್ಟಿ, ಅದರಲ್ಲಿ ನಾಲ್ಕೇ ಚಿತ್ರ: ನೀರು, ಊಟ, ನೋವು, ಸಂಡಾಸ. ಎಡಕ್ಕೆ ಬಲಕ್ಕೆ ಬರೀ ಕಪ್ಪು. ಅಡ್ಡ ಹಿಡಿದರೆ ಚಿತ್ರಗಳೂ ಅಡ್ಡ ಮಲಗುತ್ತಿದ್ದವು. ಉಳಿದ ಮಾತುಗಳೆಲ್ಲ ಮುಂದಿನ ಪುಟಗಳಲ್ಲಿ. ಪುಟ ಸರಿಸಲು ಬೆರಳು ಆ ಪಟ್ಟಿಯ ಮೇಲೇ ಆಡಬೇಕು. ಮಹಾಲಿಂಗಪ್ಪನವರ ನಡುಗುವ ಕೈ ಪ್ರತಿ ಸಲವೂ ಕಪ್ಪಿನ ಮೇಲೆ ಜಾರುತ್ತಿತ್ತು, ಅಲ್ಲಿ ಏನೂ ಅಲುಗುತ್ತಿರಲಿಲ್ಲ. ಮೂವತ್ತು ಚಿತ್ರ ಹಿಡಿಸುವ ಜಾಗವನ್ನು ಖಾಲಿ ಬಿಟ್ಟ ಪುಣ್ಯಾತ್ಮ ಯಾರೋ, ಅವನ ಅಪ್ಪನಿಗೆ ಹೀಗಾಗಬೇಕಿತ್ತು ಎಂದು ಓಂಪ್ರಕಾಶ ಮನಸ್ಸಿನಲ್ಲೇ ಶಪಿಸಿದ.

ಅಪ್ಪ ಕೈಯಿಂದ ಎದೆ ಮುಟ್ಟಿಕೊಂಡರು. ನಿನ್ನೆಯೂ ಹಾಗೇ ಮಾಡಿದ್ದರು, ಎದೆನೋವೆಂದು ಹೆದರಿ ಇಸಿಜಿ ಮಾಡಿಸಿದ್ದಾಗಿತ್ತು. ಏನೂ ಇರಲಿಲ್ಲ.

"ಮಾಮಾ, ಥಾಂಬಾ. ನಾನ ಸರಸ್ತೇನ್ರಿ, ನೀವು ನೋಡ್ರಿ ಬರೇ," ಎಂದು ಪ್ರಣಿತಾ ಮಾವನ ಕೈ ತಡೆದು, ಹೆಬ್ಬೆರಳಿನಿಂದ ಒಂದೊಂದೇ ಪುಟ ಸರಿಸತೊಡಗಿದಳು. ಫ್ಯಾನು, ಹೊದಿಕೆ, ಮಗ, ಮೊಮ್ಮಗಳು. ಮುದುಕರ ಕಣ್ಣು ಯಾವುದರ ಮೇಲೂ ನಿಲ್ಲಲಿಲ್ಲ. ಎಂಟನೆಯ ಪುಟದಲ್ಲಿ ಒಂದು ಗುಡಿಯ ಚಿತ್ರ ಬಂತು. ಕೈ ದಪ್ಪೆಂದು ಬಿತ್ತು.

"ದೇವ," ಎಂದಿತು ಟ್ಯಾಬ್ಲೆಟ್ಟು. ಅಪ್ಪ ಮತ್ತೆ ಹೊಡೆದರು. "ದೇವ. ದೇವ."

ಓಂಪ್ರಕಾಶನ ಕಣ್ಣು ತುಂಬಿದವು. "ಹಂಗ್ಯಾಕ ಅಂತೀರಿ ಅಪ್ಪಾ? ದೇವರು ಇನ್ನಽ ಕರದಿಲ್ಲರಿ ನಿಮ್ಮನ್ನ. ನೆಟ್ಟಗಾಗ್ತೀರಿ."

ಮಹಾಲಿಂಗಪ್ಪನವರು ಅದಲ್ಲವೆಂದು ತಲೆ ಆಡಿಸಿದರು. ಸಿಟ್ಟಿನಿಂದ ಗಂಟಲಲ್ಲಿ ಏನೋ ಗೊರಗೊರ ಎಂದಿತು. ಆಮೇಲೆ ಎಡ ಅಂಗೈಯನ್ನು ಅಂಗಾತ ಮಾಡಿ ನಿಧಾನವಾಗಿ ಕಣ್ಣಿನ ಎದುರಿಗೆ ಎತ್ತಿ, ಆ ಬರಿಗೈಯನ್ನು ನೋಡುತ್ತ ಮಲಗಿದರು.

ಹುಟ್ಟಿದಂದಿನಿಂದ ಓಂಪ್ರಕಾಶ ಪ್ರತಿ ಮುಂಜಾನೆ ನೋಡಿದ ಕೈ ಅದು. ಅಂಗೈಯಲ್ಲಿ ಲಿಂಗವಿಟ್ಟು ಪೂಜೆಯಾಗುವವರೆಗೆ ಅಪ್ಪ ಚಹಾ ಇರಲಿ, ಗುಟುಕು ನೀರೂ ಕುಡಿದವರಲ್ಲ. ಅವನು ಆಸ್ಪತ್ರೆಯ ಅಂಗಿಯ ಕೊರಳನ್ನು ಸರಿಸಿದ. ಕೊರಳು ಬರಿದಾಗಿತ್ತು. ಸ್ಕ್ಯಾನಿಂಗಿನ ಬಾಗಿಲಲ್ಲಿ ಲೋಹ ಏನಿದ್ದರೂ ತೆಗೆಯಿರಿ ಎಂದಾಗ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆದವನು ಅವನೇ. ಕಳೆದೀತೆಂದು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಕೀಲಿ ಹಾಕಿದವನೂ ಅವನೇ. ತಾನು ಕೊರಳಿನ ಲಿಂಗವನ್ನು ದೇವರ ಜಗುಲಿಗೆ ಏರಿಸಿ ಇಪ್ಪತ್ತು ವರ್ಷವಾಗಿದ್ದರಿಂದ ಮರೆತದ್ದು ಗೊತ್ತೇ ಆಗಲಿಲ್ಲ. ಅವ್ವ ಸಂಗವ್ವ ಬದುಕಿದ್ದರೆ ಮೊದಲ ದಿನವೇ ಕೇಳುತ್ತಿದ್ದಳು.

"ಪ್ರಣಿತಾ, ಲಿಂಗ! ಗಾಡಿಯೊಳಗ ಐತಿ. ಗಾಡಿ ಮನ್ಯಾಗ ಐತಿ. ನಾ ಬರೂತನಾ ನಳಿ ಹಾಕಾಕ ಬಿಡಬ್ಯಾಡ!"

ರಿಕ್ಷಾದಲ್ಲಿ ಸಾಂಗಲಿ ತಲುಪುವಷ್ಟರಲ್ಲಿ ನಾಲ್ಕೂವರೆ. ಡಿಕ್ಕಿಯಲ್ಲಿ ಒರೆಸುವ ಬಟ್ಟೆಯ ಕೆಳಗೆ, ಅರಿಷಿಣದ ಸ್ಯಾಂಪಲ್ಲಿನ ಪುಡಿ ಮೆತ್ತಿಕೊಂಡು ಕರಡಿಗೆ ಬಿದ್ದಿತ್ತು. ಅದನ್ನು ಎದೆಯ ಜೇಬಿನಲ್ಲಿಟ್ಟು, ಒಂದು ಕೈಯಿಂದ ಒತ್ತಿ ಹಿಡಿದೇ ಅವನು ಮಿರಜದ ದಾರಿಗೆ ಗಾಡಿ ಬಿಟ್ಟ. ವಾರ್ಡಿನ ಬಾಗಿಲಲ್ಲಿ ಪ್ರಣಿತಾ ಅಳುತ್ತ ನಿಂತಿದ್ದಳು.

"ಭಾಳ ಹೇಳಿದೆ ರೀ. ಶುಗರ್ ಪೂರಾ ಇಳದೈತಿ, ಇನ್ನ ಕಾಯಾಕ ಆಗೂದಿಲ್ಲ ಅಂದ್ರು."

ಮೂಗಿನಲ್ಲಿ ನಳಿಕೆ ಇಳಿದಿತ್ತು. ಎಡ ಮಣಿಕಟ್ಟನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದರು. ಡಾಕ್ಟರು ಹೇಳದೆ ಬಿಚ್ಚಲಾಗದು ಎಂದಳು ಸಿಸ್ಟರ್. ಅಪ್ಪ ಚಾವಣಿ ನೋಡುತ್ತಿದ್ದರು. ಓಂಪ್ರಕಾಶ ಕರಡಿಗೆಯ ಮುಚ್ಚಳ ತೆರೆದು, ತನ್ನ ಬೆರಳು ತಾಗದಂತೆ ಲಿಂಗವನ್ನು ಆ ಅಂಗೈಯೊಳಗೆ ಇಳಿಸಿದ. "ತಪ್ಪಾತರಿ ಅಪ್ಪಾ," ಎಂದ.

ಬೆರಳುಗಳು ಅದರ ಸುತ್ತ ಸೇರಿದವು. ಮುದುಕರು ಕೈಯನ್ನು ಕಣ್ಣಿನ ಕಡೆ ಎತ್ತಲು ಹೋದರು. ಬ್ಯಾಂಡೇಜು ಎಳೆಯಿತು, ಸರಳು ಟಣ್ ಎಂದಿತು. ಇನ್ನೊಮ್ಮೆ ಎತ್ತಿದರು, ಆಗಲಿಲ್ಲ.

ಓಂಪ್ರಕಾಶ ಮಂಚದ ಕಾಲ್ದೆಸೆಗೆ ಹೋಗಿ ನೆಲಕ್ಕೆ ಕುಳಿತು, ಅಲ್ಲಿದ್ದ ಕಬ್ಬಿಣದ ಹಿಡಿಕೆಯನ್ನು ತಿರುವತೊಡಗಿದ. ಕಿರ್‌ಗುಟ್ಟುತ್ತ ತಲೆಯ ಕಡೆಯ ಹಾಸಿಗೆ ಮೇಲೇರಿತು. "ಕಾಣತೈತೇನ ಅವರಿಗೆ?" ಎಂದು ಅಲ್ಲಿಂದಲೇ ಕೇಳಿದ. ಇನ್ನೂ ಇಲ್ಲವೆಂದಳು ಪ್ರಣಿತಾ. ಅವನು ತಿರುವುತ್ತಲೇ ಇದ್ದ.