ನಾಲ್ಕಡಿ ಸಂದಿ, ಐದಡಿ ಕಾನೂನು

೧. ಎಲ್ಲಿಂದ ಶುರು ಮಾಡಲಿ? ಬೆಂಕಿಯಿಂದ ಮಾಡಿದರೆ ನೀವು ಬಿಡದೆ ಓದುತ್ತೀರಿ, ಗೊತ್ತು. ಆದರೆ ಈ ಕಥೆಯಲ್ಲಿ ಬೆಂಕಿಯಿಲ್ಲ. ಬೆಂಕಿ ಬಂದೀತೆಂಬ ಕಾನೂನು ಮಾತ್ರ ಇದೆ. (ಎದ್ದು ಹೋಗಬೇಡಿ.)

೨. ಕ್ಯಾಲಿಫೋರ್ನಿಯಾದ ಗುಡ್ಡವೊಂದರ ಮೇಲೆ, ಬಸ್ಸಿನ ಸೀಟಿನಂತೆ ಒತ್ತಿಕೊಂಡ ಮರದ ಮನೆಗಳು. ಒಂದರಲ್ಲಿ ಎಪ್ಪತ್ತು ದಾಟಿದ ನಿವೃತ್ತ ನರ್ಸ್ ಗ್ರಾಸಿಯೆಲಾ ಮೊಂಟೋಯ. ಪಕ್ಕದ್ದು ಲೆನರ್ಡ್ ಪಿಂಕ್ನಿಯದು. ನಡುವೆ ನಾಲ್ಕಡಿ ಸಂದಿ, ಅದರಲ್ಲಿ ಆಳೆತ್ತರದ ಮರದ ಬೇಲಿ, ಬೇಲಿ ತುಂಬ ಮಲ್ಲಿಗೆ. ಲೆನರ್ಡ್‌ನ ಟ್ರಂಪೆಟ್ ಸದ್ದು ತಾಳಲಾರದೆ ಒಂಬತ್ತು ವರ್ಷದ ಹಿಂದೆ ಆಕೆಯೇ ಹಾಕಿಸಿದ ಬೇಲಿ. ಅಂದಿನಿಂದ ಮಾತಿಲ್ಲ.

೩. ಅಗ್ನಿಶಾಮಕದವರ ಕಡೆಯಿಂದ ತಪಾಸಣೆಗೆ ಬಂದ ತ್ವೀ ಫಾಮ್ ಟೇಪು ಬಿಚ್ಚಿದಳು.

"ಗೋಡೆಯಿಂದ ಐದಡಿ ಒಳಗೆ ಹೊತ್ತಿ ಉರಿಯೋದು ಏನೂ ಇರಬಾರದು ಮೇಡಂ. ಬೇಲಿ, ಬಳ್ಳಿ ಎರಡೂ ತೆಗೀಬೇಕು."

"ಐದಡಿ ಒಳಗೆ ಅವನ ಮನೇನೂ ಇದೆಯಲ್ಲಮ್ಮಾ! ಪೂರ್ತಿ ಮರದ್ದು. ಮೊದ್ಲು ಅದನ್ನ ಕೀಳಿಸು," ಎಂದರು ಗ್ರಾಸಿಯೆಲಾ.

ಬೇಲಿಯಾಚೆಯಿಂದ ಲೆನರ್ಡ್ ಕೂಗಿದ: "ನನ್ನ ಗೋಡೆಯಿಂದ ಅಳೆದ್ರೆ ನಿನ್ನ ಅಡುಗೆಮನೆ ಒಂದಡಿ ನನಗೆ ಬರುತ್ತಮ್ಮಾ! ಅಲ್ಲೇನಿಟ್ಟಿದೀಯ, ತೋರ್ಸು!"

ತ್ವೀ ನಿಯಮದ ಪುಸ್ತಕ ತಿರುವಿದಳು, ಮತ್ತೆ ತಿರುವಿದಳು. ಪಕ್ಕದ ಮನೆಯೇ ಸೌದೆಯಾದರೆ ಏನು ಮಾಡಬೇಕೆಂದು ಅದರಲ್ಲಿರಲಿಲ್ಲ.

"ಬೇಲಿ, ಬಳ್ಳಿ ತೆಗೀರಿ ಸಾಕು. ಹದಿನೈದು ದಿನ ಟೈಮಿದೆ," ಎಂದವಳೇ ಕಾರು ಹತ್ತಿದಳು.

೪. (ಅಳಿಸಿಹಾಕಿದ ಕರಡು: ಕಿಡಿ ಹಾರಿ ಬೇಲಿ ಹೊತ್ತಿಕೊಳ್ಳುತ್ತದೆ, ಲೆನರ್ಡ್ ಆಕೆಯನ್ನು ಎತ್ತಿಕೊಂಡು ಓಡುತ್ತಾನೆ. ಗ್ರಾಸಿಯೆಲಾ ಹಾಳೆಯೊಳಗಿಂದಲೇ ಗದರಿದರು: "ಅವನ ಸೊಂಟಕ್ಕೆ ನನ್ನ ಎತ್ತೋ ತಾಕತ್ತಿದ್ಯೇನಯ್ಯಾ? ಹೋದ ಸಲ ಮೇಲಿನ ಬೀದಿ ಪೂರ್ತಿ ಬೂದಿಯಾಯ್ತು, ನನ್ನ ತಂಗಿ ಮನೇನೂ ಸೇರಿ. ಬೆಂಕಿ ಜೊತೆ ಆಟ ಬೇಡ, ಅಳಿಸು." ಅಳಿಸಿದೆ. ನಾಚಿಕೆಯೂ ಆಯಿತು.)

೫. ತಂಗಿಯ ನೆನಪಾಗಿಯೇ ಇರಬೇಕು, ಮಾರನೆಯ ದಿನವೇ ಆಕೆ ಗರಗಸ ತಂದರು. ಮಲ್ಲಿಗೆಯ ಬುಡಕ್ಕಿಟ್ಟರು, ಕೈ ಆಡಲಿಲ್ಲ.

"ಕೊಡಿಲ್ಲಿ," ಎಂದ ಬೇಲಿ ಸುತ್ತಿ ಬಂದ ಲೆನರ್ಡ್. "ನೀನು ಆ ಕಡೆ ನೋಡು."

"ನಾನ್ಯಾಕೆ ನೋಡ್ಲಿ ಆ ಕಡೆ? ನೆಟ್ಟಗೆ ಕುಯ್ಯಿ."

ಸಂಜೆಯ ಹೊತ್ತಿಗೆ ಸಂದಿ ಬೋಳು. ಎರಡು ಅಡುಗೆಮನೆಗಳ ಕಿಟಕಿ ಎದುರುಬದುರು.

೬. ಕೊನೆ, ಎರಡು ಬಗೆಯಲ್ಲಿ.

ಅ) ಮದುವೆ. (ಇಬ್ಬರೂ ಒಟ್ಟಿಗೆ "ಥೂ!" ಎಂದರು.)

ಆ) ಗ್ರಾಸಿಯೆಲಾ ಕಿಟಕಿಯಿಂದ ಸೂಪಿನ ಬಟ್ಟಲು ಚಾಚಿದರು. ಲೆನರ್ಡ್ ತನ್ನ ಕಿಟಕಿಯಿಂದ ಬಗ್ಗಿ, ಬಟ್ಟಲು ಹಿಡಿದು ಒಂದು ಗುಟುಕು ಹೀರಿದ.

"ಉಪ್ಪು ಕಮ್ಮಿ."

"ಹಂಗಾದ್ರೆ ಬಿಡು, ಕೊಡು ವಾಪಸ್!"

ಆಕೆ ಎಳೆದರು. ಅವನು ಬಿಡಲಿಲ್ಲ. ಬಟ್ಟಲು ಈಗಲೂ ಸಂದಿಯ ಮೇಲೆ, ಇಬ್ಬರ ಕೈಯಲ್ಲೂ ಇದೆ. ಯಾರು ಮೊದಲು ಬಿಟ್ಟರೆಂದು ನಾನು ಬರೆಯುವುದಿಲ್ಲ. ಬರೆದರೆ ಸೂಪು ಚೆಲ್ಲುತ್ತದೆ.