ಹೊಳೆಯ ಯಾವ ದಂಡೆ?

ಆ ಅಚ್ಚುಕೂಟದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಕೊಂಬಕ್ಕ. ಇಪ್ಪತ್ತು ವರ್ಷದಿಂದ ಕರಡು ತಿದ್ದುತ್ತ ಬಂದವಳು. ಬಿಟ್ಟುಹೋದ ಕೊಂಬು, ಎಲ್ಲಿಂದಲೋ ಬಂದು ಕೂತ ಸೊನ್ನೆ, ಜಾರಿಬಿದ್ದ ಒತ್ತು, ಯಾವುದೂ ಅವಳ ಕಣ್ಣು ತಪ್ಪಿಸಿ ಹೋಗಲಾರದು ಎಂಬ ಮಾತಿತ್ತು. ಅಕ್ಷರಕ್ಕೆ ಕೊಂಬು ಕೊಟ್ಟೂ ಕೊಟ್ಟೂ ಈಗ ಅವಳಿಗೇ ಕೊಂಬು ಬಂದಿದೆ ಎಂದು ಯಂತ್ರದ ಮೇಸ್ತ್ರಿ ಎಂದೋ ಆಡಿದ ಕುಹಕ ಹೆಸರಾಗಿ ಅಂಟಿಕೊಂಡಿತ್ತು. ಅವಳಿಗೂ ಅದರಿಂದ ಬೇಸರವೇನಿರಲಿಲ್ಲ.

ರಾಜ್ಯದ ಚುನಾವಣೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಊರಿನಲ್ಲಿ ದೊಡ್ಡ ಯಂತ್ರವಿದ್ದ ಅಚ್ಚುಕೂಟ ಅದೊಂದೇ ಆದ್ದರಿಂದ ಮೂರು ಪಕ್ಷದವರೂ ತಮ್ಮ ಪ್ರಣಾಳಿಕೆಯನ್ನು ಅಲ್ಲಿಗೇ ತಂದರು. ಒಳಗೆ ಓದಿದ್ದು ಬಾಗಿಲಾಚೆ ಹೋಗಕೂಡದು, ಮನೆಯವರ ಕಿವಿಗೂ ಬೀಳಕೂಡದು ಎಂದು ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಪಕ್ಷದ ಹೆಸರು ಬಾಯಿತಪ್ಪಿಯೂ ಬರಬಾರದೆಂದು, ಯಾರು ಯಾವ ಕಾಗದ ಆರಿಸಿದ್ದರೋ ಅದರ ಹೆಸರನ್ನೇ ಅವರಿಗೆ ಇಟ್ಟರು. ಆಳುವ ಪಕ್ಷದವರು ನುಣುಪು ಕಾಗದದವರು. ವಿರೋಧ ಪಕ್ಷದವರು ಮಾಮೂಲಿ ಕಾಗದದವರು. ಹೊಸದಾಗಿ ಹುಟ್ಟಿದ ಸಣ್ಣ ಪಕ್ಷಕ್ಕೆ ಒಂದು ಹಾಳೆಯನ್ನು ಮೂರು ಮಡಿಕೆ ಮಾಡಿದರೆ ಸಾಕಾಗಿತ್ತು. ಅವರು ಮಡಿಕೆಯವರು.

ಕೊಂಬಕ್ಕನಿಗೆ ಪ್ರಣಾಳಿಕೆ ಹೊಸದಲ್ಲ. ರಸ್ತೆ, ಆಸ್ಪತ್ರೆ, ಶಾಲೆ, ಎಲ್ಲ ಒಂದರ ಹಿಂದೊಂದು ಬಂದು ಹೋಗುತ್ತವೆ. ಅವಳ ಕಣ್ಣಿಗೆ ಅವು ಅಕ್ಷರಗಳು, ಅಷ್ಟೇ. ಆದರೆ ಈ ಸಲ 'ಪರಿಸರ' ಎಂಬ ಅಧ್ಯಾಯ ಮೂರರಲ್ಲೂ ಇತ್ತು. ನುಣುಪು ಕಾಗದದವರದು ಚಿತ್ರಸಮೇತ ನಾಲ್ಕು ಪುಟ: ಲಕ್ಷಗಟ್ಟಲೆ ಗಿಡ, ಹೊಗೆಯಿಲ್ಲದ ಬಸ್ಸು, ಮಾಳಿಗೆ ಮೇಲೆಲ್ಲ ಸೂರ್ಯನ ವಿದ್ಯುತ್ತು. ಗಿಡ ನೆಡಲಾಗುವುದು, ಬಸ್ಸು ಓಡಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು. ನೆಡುವವರು ಯಾರು, ಓಡಿಸುವವರು ಯಾರು ಎಂದು ವಾಕ್ಯದೊಳಗೆ ಕೈಹಾಕಿ ಹುಡುಕಿದರೂ ಆಸಾಮಿ ಸಿಕ್ಕಲಿಲ್ಲ. ಸುಮ್ಮನೆ ಕುತೂಹಲಕ್ಕೆ ಎಣಿಸಿದಳು. ನಾಲ್ಕು ಪುಟದಲ್ಲಿ ನಲವತ್ತೊಂದು 'ಲಾಗುವುದು'. ಮಾಮೂಲಿ ಕಾಗದದವರು ಒಂದೂವರೆ ಪುಟ ಬರೆದಿದ್ದರು. ಅದರಲ್ಲಿ ಒಂದು ಪುಟ ಆಳುವವರು ಏನೇನು ಹಾಳುಮಾಡಿದರು ಎಂಬ ಬೈಗುಳ. ಮಡಿಕೆಯವರದು ಹನ್ನೆರಡು ಸಾಲು, ಅದರಲ್ಲಿ ಮೂರು ಕಾಗುಣಿತ ತಪ್ಪು.

ಆ ಹನ್ನೆರಡು ಸಾಲಿನ ಏಳನೆಯದರ ಮೇಲೆ ಅವಳ ಕೆಂಪು ಪೆನ್ನು ನಿಂತುಬಿಟ್ಟಿತು. 'ಹೊಳೆಯ ಎಡದಂಡೆಯ ಏಳು ಬಣ್ಣದ ಕಾರ್ಖಾನೆಗಳ ಕೊಳೆನೀರು ಒಂದು ಹನಿಯೂ, ಶುದ್ಧವಾಗದೆ ಹೊಳೆ ಸೇರಬಾರದು.' ಹನಿಯೂ ಎಂಬುದರ ಮುಂದೆ ಒಂದು ಅಡ್ನಾಡಿ ಅಲ್ಪವಿರಾಮ. ಅದನ್ನು ಈ ವಾರದಲ್ಲೇ ಎಲ್ಲೋ ಹೊಡೆದುಹಾಕಿದ ನೆನಪು. ಎದ್ದುಹೋಗಿ ಉಳಿದೆರಡು ಕರಡುಗಳನ್ನು ತಂದು ಮೇಜಿನ ಮೇಲೆ ಪಕ್ಕಪಕ್ಕ ಹಾಸಿದಳು. ಮೂರರಲ್ಲೂ ಅದೇ ವಾಕ್ಯ ಇತ್ತು. ಎರಡರಲ್ಲಿ ಅವಳೇ ಅಲ್ಪವಿರಾಮ ತೆಗೆದಿದ್ದಳು. ಒಬ್ಬರ ಮುಖ ಒಬ್ಬರು ನೋಡದ ಮೂರು ಪಕ್ಷಗಳು ಒಂದೇ ಜಾಗದಲ್ಲಿ ಎಡವಿದ್ದು ಹೇಗೆ?

ಆ ವಾಕ್ಯ ಅವಳ ಜೊತೆಗೇ ಮನೆಗೆ ಬಂತು. ಕರಡಿನ ವಿಷಯ ಎತ್ತುವಂತಿಲ್ಲ. ಊಟದ ಹೊತ್ತಿಗೆ ತಟ್ಟೆ ಇಡುತ್ತ, ಬಣ್ಣದ ಕಾರ್ಖಾನೆಗಳಿರುವುದು ಹೊಳೆಯ ಯಾವ ದಂಡೆಯಲ್ಲಿ ಎಂದಷ್ಟೇ ಕೇಳಿದಳು. ಗಂಡ ಬಸ್ಸಿನ ಡ್ರೈವರು, ದಿನಕ್ಕೆ ಎಂಟು ಸಲ ಆ ದಾರಿಯಲ್ಲಿ ಓಡಾಡುವವನು.

"ಹೋಗ್ತಾ ಎಡಕ್ಕೆ, ಬರ್ತಾ ಬಲಕ್ಕೆ" ಎಂದ, ತಲೆಯೆತ್ತದೆ.

"ಹೊಳೆಗೂ ನಿನ್ನ ಬಸ್ಸಿಗೂ ಏನು ಸಂಬಂಧನೋ" ಎಂದು ಅತ್ತೆ ನಡುವೆ ಬಾಯಿ ಹಾಕಿದರು. ಅವರ ಪ್ರಕಾರ ತಮ್ಮ ಮನೆ ಇರುವುದು ಬಲದಂಡೆ, ಆಚೆಯದು ಎಡದಂಡೆ, ಹುಟ್ಟಿದಾಗಿನಿಂದ ಹಾಗೇ. ನೀರು ಹರಿಯುವ ದಿಕ್ಕಿಗೆ ಮುಖಮಾಡಿ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರಲ್ಲವೇ ಎಂದು ಕೊಂಬಕ್ಕ ನೆನಪಿಸಿದಳು. ಹಾಗಾದರೆ ಹೊಳೆ ಯಾವ ಕಡೆಗೆ ಹರಿಯುತ್ತದೆ? ಅತ್ತೆ ಸೌಟಿನಿಂದ ಒಂದು ದಿಕ್ಕು ತೋರಿಸಿದರು, ಅವರ ಮಗ ಇನ್ನೊಂದು. ಮೂವರೂ ಆ ಊರಿನಲ್ಲೇ ಹುಟ್ಟಿ ಬೆಳೆದವರು. ತಮ್ಮ ಹೊಳೆ ಎತ್ತ ಹರಿಯುತ್ತದೆಂದು ಎದೆ ಮುಟ್ಟಿ ಹೇಳುವವರು ಒಬ್ಬರೂ ಇಲ್ಲವಲ್ಲ ಎಂದು ಅವಳಿಗೆ ನಗುವೂ ಬಂತು, ಒಂಥರಾ ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಸೇತುವೆಯ ಮಧ್ಯದಲ್ಲಿ ಬಸ್ಸಿನಿಂದ ಇಳಿದುಕೊಂಡಳು. ನೀರು ಹರಿಯುತ್ತಿದೆಯೆಂದು ಹೇಳುವುದೇ ಕಷ್ಟವಾಗಿತ್ತು. ನೇರಳೆ ಬಣ್ಣದ ನೊರೆ ಹೊದ್ದುಕೊಂಡು ಹೊಳೆ ತೆಪ್ಪಗೆ ಬಿದ್ದಿತ್ತು. ಚೀಲದಲ್ಲಿದ್ದ ಹಳೆಯ ಬಸ್ ಟಿಕೆಟ್ಟೊಂದನ್ನು ಕೆಳಗೆ ಬಿಟ್ಟಳು. ಅದು ನೊರೆಯ ಮೇಲೆ ಕೂತು ಬಹಳ ಹೊತ್ತು ಯೋಚನೆ ಮಾಡಿ, ಆಮೇಲೆ ಮೆಲ್ಲಗೆ ಸೇತುವೆಯಡಿ ನುಸುಳಿತು. ರಸ್ತೆ ದಾಟಿ ಆಚೆ ಕಟಕಟೆಗೆ ಓಡಿದಳು. ಟಿಕೆಟ್ಟು ಹೊರಬಂತು. ಅದು ಹೋದ ದಿಕ್ಕಿಗೆ ಮುಖಮಾಡಿ ನಿಂತು ಎರಡೂ ಕೈ ಚಾಚಿದಳು. ಎಡಗೈಯ ಕಡೆ ಇಟ್ಟಿಗೆ ಗೂಡು, ಹೆಣ್ಣುಮಕ್ಕಳ ಶಾಲೆ, ಒಂದಿಷ್ಟು ಬಯಲು. ಬಣ್ಣದ ಕಾರ್ಖಾನೆಯ ಚಿಮಣಿಗಳೆಲ್ಲ ಬಲಗೈಯ ಕಡೆ. ಕಟಕಟೆಗೆ ಒರಗಿ ಚಪ್ಪಲಿ ಹೊಲಿಯುತ್ತಿದ್ದವನು, ಏನಾದರೂ ಬಿದ್ದುಹೋಯಿತೇ ಎಂದು ಕೇಳಿದ. ಇಲ್ಲಪ್ಪ, ಸಿಕ್ಕಿತು ಎಂದಳು.

ಅಂದರೆ ಮೂರು ಪಕ್ಷಗಳೂ ಕಾರ್ಖಾನೆಯೇ ಇಲ್ಲದ ದಂಡೆಯನ್ನು ಶುದ್ಧ ಮಾಡುವುದಾಗಿ ಮಾತು ಕೊಡುತ್ತಿದ್ದವು.

ಯಜಮಾನರು ಕೇಳಿ ಕೈ ಕೊಡವಿಬಿಟ್ಟರು. ಹಸ್ತಪ್ರತಿಯಲ್ಲಿ ಇರುವುದು ಅಚ್ಚಿನಲ್ಲಿದ್ದರೆ ನಮ್ಮ ಕೆಲಸ ಮುಗಿಯಿತು, ದಂಡೆ ಅವರ ತಲೆನೋವು ಎಂದರು. ಆದರೆ ಕೊಂಬಕ್ಕನನ್ನು ಕೊರೆಯುತ್ತಿದ್ದುದು ದಂಡೆಯಷ್ಟೇ ಅಲ್ಲ, ಆ ಅಲ್ಪವಿರಾಮ. ಮೂವರೂ ಎಲ್ಲಿಂದಲೋ ಎತ್ತಿದ್ದಾರೆ, ಎಲ್ಲಿಂದ? ಅಚ್ಚಾದ ಪ್ರತಿಯೊಂದರ ಎರಡು ಪ್ರತಿ, ಅದರ ಹಸ್ತಪ್ರತಿ ಮತ್ತು ಕರಡು ಸಮೇತ, ಕಟ್ಟಿ ಇಡುವ ಪದ್ಧತಿ ಅಲ್ಲಿತ್ತು. ಊಟದ ಬಿಡುವಿನಲ್ಲಿ ಆ ಕೋಣೆ ಹೊಕ್ಕು ದೂಳು ಕೊಡವುತ್ತ ಕೂತಳು. ಮದುವೆ ಕಾಗದಗಳಿಗೂ ಸಹಕಾರ ಸಂಘದ ವರದಿಗಳಿಗೂ ಅಲ್ಲಿ ಬರವಿರಲಿಲ್ಲ. ನಾಲ್ಕನೆಯ ದಿನ, ಹನ್ನೆರಡು ವರ್ಷ ಹಿಂದಿನ ಕಟ್ಟಿನಲ್ಲಿ, ಇಪ್ಪತ್ತನಾಲ್ಕು ಪುಟದ ತೆಳ್ಳನೆಯ ಪುಸ್ತಿಕೆ ಸಿಕ್ಕಿತು. ಹೊಳೆಯ ನೀರಿನ ಬಗ್ಗೆ, ನೀರು ಸರಬರಾಜು ಕಚೇರಿಯ ಪರೀಕ್ಷಾಲಯದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಾಕೆ ಬರೆದದ್ದು. ಹದಿನೆಂಟನೆಯ ಪುಟದಲ್ಲಿ ಆ ವಾಕ್ಯ, ಅದೇ ಎಡದಂಡೆ, ಅದೇ ಅಲ್ಪವಿರಾಮ.

ಸಿಕ್ಕಿತೆಂಬ ಖುಷಿ ನಿಮಿಷವೂ ಉಳಿಯಲಿಲ್ಲ. ಕಟ್ಟಿನಲ್ಲಿ ಹಸ್ತಪ್ರತಿಯೂ ಇತ್ತು. ದುಂಡನೆಯ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಲದಂಡೆ. ಕರಡಿನಲ್ಲಿ ಅದು ಎಡದಂಡೆಯಾಗಿತ್ತು. ಕರಡಿನ ಮೂಲೆಯಲ್ಲಿ 'ನೋಡಿದೆ, ಸರಿಯಿದೆ' ಎಂಬ ಕೆಂಪು ಶಾಯಿಯ ಟಿಪ್ಪಣಿ, ಕೆಳಗೆ ರುಜು. ರುಜು ಅವಳದೇ.

ಪುಸ್ತಿಕೆಯ ಹಿಂಬದಿಯಲ್ಲಿದ್ದ ಬರೆದಾಕೆಯ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡಳು. ಸಂಜೆ ವಿಳಾಸ ಹುಡುಕಿಕೊಂಡು ಹೊರಟಳು. ಬೇಕರಿಯೊಂದರ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ತೆರೆದಾಕೆಗೆ ಎಪ್ಪತ್ತರ ಹತ್ತಿರ. ಒಳಗೆ ಕಿಟಕಿಯ ಉದ್ದಕ್ಕೂ ಗಾಜಿನ ಸೀಸೆಗಳು, ಪ್ರತಿಯೊಂದಕ್ಕೂ ಚೀಟಿ. ಕೊಂಬಕ್ಕ ನಿಂತಲ್ಲೇ ತಪ್ಪೊಪ್ಪಿಕೊಂಡಳು. ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು ಓದಬೇಕಿತ್ತು, ಬರೇ ಕಾಗುಣಿತ ನೋಡಿ ಬಿಟ್ಟೆ ಎಂದಳು. ಬೀದಿಯವರೆಲ್ಲ ಪರೀಕ್ಷೆಯಮ್ಮ ಎಂದು ಕರೆಯುವ ಆಕೆ ಅವಳನ್ನು ಕೂರಿಸಿ ನೀರು ಕೊಟ್ಟರು. ಪುಸ್ತಕ ಬಂದ ದಿನವೇ ತಮ್ಮ ಕಣ್ಣಿಗೆ ಬಿದ್ದಿತ್ತು, ಸುಮಾರು ನೂರು ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿದೆ, ಆಮೇಲೆ ಕೈ ಸೋತು ಬಿಟ್ಟುಬಿಟ್ಟೆ ಎಂದರು. ಅಂದಿನಿಂದ ಪ್ರತಿ ಚುನಾವಣೆಗೂ ಎಲ್ಲ ಪಕ್ಷಗಳಿಗೂ, ತಿದ್ದದೆ ಉಳಿದವುಗಳಲ್ಲೇ, ಒಂದೊಂದು ಪ್ರತಿ ಅಂಚೆಯಲ್ಲಿ ಕಳಿಸುತ್ತಿದ್ದಾರಂತೆ.

"ಹನ್ನೆರಡು ವರ್ಷದಲ್ಲಿ ಒಬ್ಬರೂ ಬಂದು ಕೇಳ್ಲಿಲ್ಲ. ನಿನಗೆ ಇವತ್ತು ಹೇಗೆ ಗೊತ್ತಾಯ್ತಮ್ಮ?"

ಕೊಂಬಕ್ಕ ಕಿಟಕಿಯ ಸೀಸೆಗಳ ಚೀಟಿ ಓದತೊಡಗಿದಳು. ಅಚ್ಚುಕೂಟದ ಗುಟ್ಟು ಹೇಳುವಂತಿರಲಿಲ್ಲ. ಮುದುಕಿ ಅವಳ ಮುಖವನ್ನೇ ನೋಡಿ, ಅವಳು ಕೆಲಸ ಮಾಡುವ ಜಾಗವನ್ನೂ ಬರುತ್ತಿರುವ ಚುನಾವಣೆಯನ್ನೂ ಕೂಡಿಸಿಕೊಂಡರೇನೋ, ತುಟಿಯಂಚಿನಲ್ಲೇ ನಕ್ಕರು.

"ಓಹೋ. ಹಾಗಾದ್ರೆ ಓದ್ತಾರೆ" ಎಂದರು. "ಓದ್ತಾರೆ, ನೋಡಲ್ಲ."

ಕರಡು ತಿದ್ದುವವಳಿಗೆ ಒಂದು ಹಕ್ಕುಂಟು. ಅನುಮಾನ ಬಂದ ಕಡೆ ಅಂಚಿನಲ್ಲಿ ಪ್ರಶ್ನೆ ಬರೆಯಬಹುದು. ಮರುದಿನ ಮೂರು ಕರಡಿನಲ್ಲೂ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ, ಒಂದೇ ಪ್ರಶ್ನೆ ಬರೆದಳು: 'ಎಡದಂಡೆಯೋ ಬಲದಂಡೆಯೋ? ದಯವಿಟ್ಟು ಸ್ಥಳ ನೋಡಿ ಖಚಿತಪಡಿಸಿ.' ಕರಡುಗಳು ಹೋದವು. ಇಷ್ಟು ವರ್ಷದಲ್ಲಿ ಯಾವ ಕರಡಿನ ವಾಪಸಾತಿಗೂ ಅವಳು ಹೀಗೆ ಬಾಗಿಲ ಕಡೆ ನೋಡುತ್ತ ಕೂತದ್ದಿಲ್ಲ.

ಮೊದಲು ಫೋನು ಬಂದದ್ದು ನುಣುಪು ಕಾಗದದವರ ಕಚೇರಿಯಿಂದ. ಮಾತಾಡಿದವನ ದನಿ ಬಲು ಮೃದು. ಯಾವುದಾದರೂ ಒಂದು ದಂಡೆ ಎಂದರೆ ಇನ್ನೊಂದು ದಂಡೆಯವರಿಗೆ ಬೇಜಾರಾಗುತ್ತದೆ, 'ಎರಡೂ ದಂಡೆಗಳ' ಎಂದು ಹಾಕಿಬಿಡಿ ಅಂದ. ಎಡದಂಡೆಯಲ್ಲಿರುವುದು ಶಾಲೆ ಮತ್ತು ಇಟ್ಟಿಗೆ ಗೂಡು ಎಂದು ಕೊಂಬಕ್ಕ ಹೇಳಿದಳು.

"ಇರ್ಲಿ ಮೇಡಂ, ಅದನ್ನೂ ಶುದ್ಧ ಮಾಡೋಣ. ಅಂದಹಾಗೆ, ಬೇರೆಯವರು ಏನಂತ ಹಾಕಿದ್ದಾರೆ?"

ಬೇರೆಯವರ ಕೆಲಸ ತನಗೆ ಗೊತ್ತಿಲ್ಲ ಎಂದಳು. ಕೆಲಸದ ಮೇಲೆ ಅವಳು ಆಡಿದ ಮೊದಲ ಸುಳ್ಳು ಅದು.

ಮಾಮೂಲಿ ಕಾಗದದವರ ಕರಡು ಪ್ರಶ್ನೆಗೆ ಉತ್ತರವಿಲ್ಲದೆ ಬಂತು. ಫೋನು ಮಾಡಿದರೆ, ದಂಡೆ ನಿರ್ಧಾರ ಮಾಡಬೇಕಾದ ನಾಯಕರು ಪ್ರವಾಸದಲ್ಲಿದ್ದಾರೆ ಎಂದರು. ಎರಡನೆಯ ಸಲ ಮಾಡಿದಾಗ ಇನ್ನೊಬ್ಬರು ಎತ್ತಿ, ದಂಡೆ ಸಮಿತಿಯ ಮುಂದಿದೆ ಎಂದರು. ಮೂರನೆಯ ಸಲ ಎತ್ತಲೇ ಇಲ್ಲ. ಅವರ ಪ್ರಣಾಳಿಕೆ ಎಡದಂಡೆಯೆಂದೇ ಅಚ್ಚಾಯಿತು.

ಮಡಿಕೆಯವರಿಂದ ಫೋನು ಬರಲಿಲ್ಲ. ಒಂದು ಮಧ್ಯಾಹ್ನ ಹೆಂಗಸೊಬ್ಬಳು ಸ್ಕೂಟರಿನಲ್ಲಿ ಬಂದಳು. ಹೊಲಿಗೆ ಅಂಗಡಿಯವಳು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಚಪ್ಪಲಿಗೆ ನೇರಳೆ ಕೆಸರು ಮೆತ್ತಿತ್ತು. ನಿಮ್ಮ ಪ್ರಶ್ನೆ ನೋಡಿ ಹೋಗಿ ಬಂದೆ ಎಂದು ಕರಡು ಬಿಚ್ಚಿದಳು. ಬಲದಂಡೆಯೇ ಸರಿ. ಯಾವುದೋ ಪುಸ್ತಕದಿಂದ ಎತ್ತಿದ್ದೆವು, ತಪ್ಪಾಯಿತು. ಕಾರ್ಖಾನೆ ಈಗ ಏಳಲ್ಲ, ಹನ್ನೊಂದು. ಇಷ್ಟು ಕೇಳುವಾಗ ಕೊಂಬಕ್ಕನಿಗೆ ಒಳಗೊಳಗೇ ಹಿಗ್ಗಾಯಿತು. ಆದರೆ ಹೊಲಿಗೆಯವಳು ಅಲ್ಲಿಗೇ ನಿಲ್ಲಿಸಲಿಲ್ಲ. 'ಒಂದು ಹನಿಯೂ' ಎಂಬುದನ್ನು ಹೊಡೆದುಹಾಕಿ, 'ಐದು ವರ್ಷದಲ್ಲಿ ಅರ್ಧದಷ್ಟಾದರೂ' ಎಂದು ಬರೆಯಲು ಹೇಳಿದಳು.

"ಅರ್ಧ ಮಾತ್ರನಾ?" ಎಂದು ಕೊಂಬಕ್ಕನ ಬಾಯಿಂದ ಬಂದೇಬಿಟ್ಟಿತು. ಕರಡು ತಿದ್ದುವವಳು ಕೇಳಬಾರದ ಮಾತು.

"ಒಳಗಡೆ ಹೋಗಿ ಮಾತಾಡ್ದೆ ಅಕ್ಕ. ಆರ್ನೂರು ಜನ ಕೆಲಸ ಮಾಡ್ತಾರೆ. ನಾಳೇನೇ ಬೀಗ ಹಾಕ್ಸಿ ಅಂತ ಹೇಳೋಕೆ ನನ್ನ ಕೈಲಾಗಲ್ಲ. ನಾನು ಹೊಲಿಯೋ ಬಟ್ಟೆಗೆ ಬಣ್ಣ ಬರೋದೂ ಅಲ್ಲಿಂದಾನೇ."

ಅವಳು ಹೋದಮೇಲೂ ಕೊಂಬಕ್ಕ ಆ ಸಾಲಿನ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ನೋಡಿ ಬಂದವಳ ಭರವಸೆ ನೋಡದವರ ಭರವಸೆಗಿಂತ ಗಿಡ್ಡವಾಗಿತ್ತು. ಇದು ಪ್ರಾಮಾಣಿಕತೆಯೋ ಪುಕ್ಕಲುತನವೋ ಅವಳಿಗೆ ತೀರ್ಮಾನವಾಗಲಿಲ್ಲ. ಒಂದು ಮನಸ್ಸು ಹೊಲಿಗೆಯವಳ ಕಡೆ ವಾಲಿದರೆ, ಇನ್ನೊಂದು ಮನಸ್ಸು ಆ ನೇರಳೆ ನೊರೆಯನ್ನು ನೆನೆದು ಅರ್ಧಕ್ಕೆ ಒಪ್ಪಲಿಲ್ಲ.

ಪ್ರಣಾಳಿಕೆಗಳು ಬಿಡುಗಡೆಯಾಗಿ ಬೀದಿ ಬೀದಿಯಲ್ಲಿ ಹಂಚಿದ ಮೇಲೆ ಬಾಯಿಗೆ ಹಾಕಿದ್ದ ಬೀಗ ಹೋಯಿತು. ಮೂರನ್ನೂ ತೆಗೆದುಕೊಂಡು ಪರೀಕ್ಷೆಯಮ್ಮನ ಮನೆಗೆ ಹೋದಳು. ಕುತೂಹಲ ತಡೆಯದೆ ಅತ್ತೆಯೂ ಜೊತೆಗೆ ಹೊರಟರು. ಮೇಜಿನ ಮೇಲೆ ಮೂರನ್ನೂ ಹರಡಿ ಇಡೀ ಮಧ್ಯಾಹ್ನ ಓದಿದರು. ಗಿಡ ನೆಡುವವರು ಜಾಗ ಹೇಳಿದ್ದಾರೆಯೇ, ಬಸ್ಸು ಬಿಡುವವರು ವರ್ಷ ಹೇಳಿದ್ದಾರೆಯೇ ಎಂದು ಪರೀಕ್ಷೆಯಮ್ಮ ಒಂದೊಂದೇ ಕೇಳುತ್ತ ಹೋದರು, ಕೊಂಬಕ್ಕ ಹುಡುಕುತ್ತ ಹೋದಳು. ನುಣುಪು ಕಾಗದದವರ ಬಸ್ಸಿನ ಲೆಕ್ಕ ಅಚ್ಚುಕಟ್ಟಾಗಿದೆ ಎಂದು ಅಮ್ಮನೇ ಒಪ್ಪಿಕೊಂಡದ್ದು ಅವಳಿಗೆ ಆಶ್ಚರ್ಯವಾಯಿತು. ಮಾಮೂಲಿಯವರ ಬೈಗುಳದೊಳಗೂ ಬಾವಿಗಳ ಬಗ್ಗೆ ಎರಡು ನಿಜ ಮಾತಿದ್ದವು. ಕೊನೆಗೆ ಅತ್ತೆ ಬೇಸತ್ತು, ಯಾರಿಗೆ ಹಾಕಬೇಕು ಅದನ್ನು ಹೇಳಿ ಎಂದರು. ಅದು ನಿಮ್ಮ ಬೆರಳಿಗೆ ಬಿಟ್ಟದ್ದು, ನನಗೆ ನೀರಿನ ವಿಷಯ ಮಾತ್ರ ಗೊತ್ತು ಎಂದು ಅಮ್ಮ ಕೈತೊಳೆದುಕೊಂಡರು.

ಚುನಾವಣೆ ಮುಗಿಯಿತು. ರಾಜ್ಯದಲ್ಲಿ ನುಣುಪು ಕಾಗದದವರು ಮತ್ತೆ ಬಂದರು, ಊರಿನಲ್ಲಿ ಮಾಮೂಲಿಯವರು ಗೆದ್ದರು, ಹೊಲಿಗೆಯವಳ ಪಕ್ಷ ಮೂರನೆಯದಾಯಿತು. ಕೊಂಬಕ್ಕ ತಾನು ಯಾರಿಗೆ ಹಾಕಿದೆನೆಂದು ಗಂಡನಿಗೂ ಹೇಳಲಿಲ್ಲ.

ಪುಸ್ತಿಕೆಯನ್ನು ಹೊಸದಾಗಿ ತರೋಣ, ಈ ಸಲ ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ ಎಂದು ಅವಳು ಕೇಳಿಕೊಂಡಾಗ, ಹಳೆಯ ಅಂಕಿ ಹಾಕಿ ಪುಸ್ತಕ ಮಾಡುವುದು ಬೇಡ, ಮೊದಲು ನೀರು ಹಿಡಿಯಲು ಬಾ ಎಂದರು ಪರೀಕ್ಷೆಯಮ್ಮ. ಹೀಗಾಗಿ ಭಾನುವಾರದ ಬೆಳಿಗ್ಗೆ ಇಬ್ಬರೂ ಬಲದಂಡೆಯ ಗುಂಟ ನಡೆದರು. ಸೀಸೆಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿಯಬೇಕೆಂದೂ, ಮೊದಲ ಸಲ ಹಿಡಿದ ನೀರಿನಲ್ಲಿ ಸೀಸೆ ತೊಳೆದು ಚೆಲ್ಲಬೇಕೆಂದೂ ಅವಳು ಕಲಿತಳು. ಕೊಳವೆಗಳನ್ನು ಎಣಿಸುತ್ತ ಹೋದರು: ಕೆಂಪು, ನೇರಳೆ, ಹಸಿರು, ಮತ್ತೆ ನೇರಳೆ. ಹನ್ನೊಂದಕ್ಕೆ ಮುಗಿಯಬೇಕಿತ್ತು. ಆದರೆ ಕೊನೆಯ ಚಿಮಣಿ ದಾಟಿ ಇನ್ನೂರು ಹೆಜ್ಜೆಗೆ, ಜೊಂಡಿನೊಳಗೆ ಹನ್ನೆರಡನೆಯದೊಂದಿತ್ತು. ಅದರಿಂದ ಬೀಳುತ್ತಿದ್ದ ನೀರು ಕನ್ನಡಿಯಷ್ಟು ತಿಳಿ.

ಪರೀಕ್ಷೆಯಮ್ಮ ಬಗ್ಗಿ ಅಂಗೈಯಲ್ಲಿ ಹಿಡಿದು ಮೂಸಿದರು. ಕಾರ್ಖಾನೆಗಳಲ್ಲಿ ಯಾವನೋ ಒಬ್ಬ ಆಗಲೇ ಶುದ್ಧ ಮಾಡಿ ಬಿಡುತ್ತಿದ್ದಾನೆಯೇ, ಬಣ್ಣವಿಲ್ಲದ ಇನ್ನೇನೋ ಬರುತ್ತಿದೆಯೇ, ಅಥವಾ ಸುಮ್ಮನೆ ಒಂದು ಒರತೆಯೇ ಎಂದು ಕೊಂಬಕ್ಕ ಒಂದರ ಮೇಲೊಂದು ಕೇಳಿದಳು.

"ಗೊತ್ತಿಲ್ಲ ಕಣಮ್ಮ" ಎಂದರು ಅವರು, ಕಣ್ಣು ಅರಳಿಸಿ. "ಎರಡು ಸೀಸೆ ಹಿಡಿ."